ಒಂದೇ ಕೆಲಸ, ಮೂರು ಬಗೆಯ ಎಐ: ಪುಣೆಯ ಕನ್ನಡ ಪುಸ್ತಕಗಳ ಪಟ್ಟಿ ಮಾಡಿದ ಅನುಭವ

"ತಮ್ಮಾ, ಕೊಡಗು ಅಂತ ಹೊಡದ್ರ ಒಂದೂ ಬರವಲ್ದು. ಕಪಾಟಿನ್ಯಾಗ ಆರು ಪುಸ್ತಕ ಅದಾವು."

ಶನಿವಾರ ಸಂಜೆ ಕಾಕಾ ಫೋನ್ ಮಾಡಿ ಹೀಗೆ ಹೇಳಿದಾಗ ನಾನು ಬರೆದುಕೊಟ್ಟ ಪ್ರೋಗ್ರಾಮಿಗೆ ಒಂದು ವಾರವೂ ತುಂಬಿರಲಿಲ್ಲ. ಕಾಕಾ ವಿಜಯಪುರದ ಕಡೆಯವರು. ಖಡಕಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದ ಮೇಲೆ ಪುಣೆಯ ನಮ್ಮ ಕನ್ನಡ ಬಳಗದ ಪುಸ್ತಕಗಳನ್ನು ನೋಡಿಕೊಳ್ಳುತ್ತಾರೆ. ನಾನು ಹಿಂಜವಡಿಯಲ್ಲಿ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನು. ಸುಮಾರು 3,800 ಪುಸ್ತಕಗಳ ಎಕ್ಸೆಲ್ ಪಟ್ಟಿ ಇತ್ತು, ಅದರಲ್ಲಿ ಅರ್ಧದಷ್ಟು ಹಳೆಯ ನುಡಿ ತಂತ್ರಾಂಶದ ಕಡತಗಳಿಂದ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿಗೆ ಬದಲಾಯಿಸಿದ್ದು. ಅದಕ್ಕೊಂದು ಹುಡುಕುವ ಪುಟ ಬೇಕಿತ್ತು, ಅಷ್ಟೇ.

ಕಾಕಾ ಅವರ ಫೋನ್ ಬಂದ ಮೇಲೆ ಅದೇ ಕೆಲಸವನ್ನು ಇನ್ನೆರಡು ಬಗೆಯಲ್ಲಿ ಮೊದಲಿಂದ ಮಾಡಿ ನೋಡಿದೆ. ಮೊದಲನೆಯದು, ಕಾಕಾಗೆ ಕೊಟ್ಟದ್ದನ್ನು ಬರೆದದ್ದು, ಕೋಡ್ ಬರೆಯುವ ಎಡಿಟರ್ ಒಳಗೇ ಸಾಲು ಪೂರ್ತಿ ಮಾಡಿಕೊಡುವ ಎಐ. ಎರಡನೆಯದು ಬ್ರೌಸರಿನ ಚಾಟ್. ಮೂರನೆಯದು ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಓಡುತ್ತ ಫೈಲುಗಳನ್ನು ತಾನೇ ತೆರೆದು ತಿದ್ದುವ ಏಜೆಂಟ್. ಉತ್ಪನ್ನಗಳ ಹೆಸರು ಬರೆಯುತ್ತಿಲ್ಲ. ಅವುಗಳ ಒಳಗಿನ ಮಾಡೆಲ್ ಕೆಲವೇ ತಿಂಗಳಿಗೆ ಬದಲಾಗುತ್ತದೆ, ಕೆಲಸ ಮಾಡುವ ರೀತಿ ಅಷ್ಟು ಬೇಗ ಬದಲಾಗುವುದಿಲ್ಲ.

ಸಾಲು ಪೂರ್ತಿ ಮಾಡುವ ಬಗೆ ನಮಗೆಲ್ಲ ಹಳೆಯ ಪರಿಚಯ. ಗಿಟ್‌ಹಬ್ ಕೋಪೈಲಟ್ 2021ರ ಜೂನ್‌ನಲ್ಲಿ ಪರೀಕ್ಷಾರ್ಥವಾಗಿ ಬಂದಾಗಿನಿಂದ ಈ ಜಾತಿಯವು ಬಹುತೇಕ ಎಡಿಟರ್‌ಗಳಲ್ಲೂ ಇವೆ. ಎಚ್‌ಟಿಎಂಎಲ್ ಟೇಬಲ್, ಎಸ್‌ಕ್ಯೂಎಲ್ ಕ್ವೆರಿ, ಇಂಥವನ್ನು ನಾನು ಯೋಚಿಸುವಷ್ಟರಲ್ಲಿ ಬರೆದು ಮುಗಿಸಿತು. ಶೀರ್ಷಿಕೆಯನ್ನು ಪದಗಳಾಗಿ ಒಡೆಯುವ ಜಾಗದಲ್ಲಿ ಮಾತ್ರ ಎಲ್ಲ ಕೆಟ್ಟಿತು. ಅದು ಕೊಟ್ಟದ್ದು ರೆಗೆಕ್ಸ್‌ನ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ, ಅಂದರೆ ಪಠ್ಯ ಹುಡುಕುವ ಸೂತ್ರದಲ್ಲಿ 'ಅಕ್ಷರ' ಎಂಬುದರ ಗುರುತು. ಇಂಗ್ಲಿಷಿಗೆ ಸರಿ. ಆದರೆ ಪೈಥಾನ್ ಜೊತೆಗೇ ಬರುವ ರೆಗೆಕ್ಸ್ ನಮ್ಮ ಸ್ವರಚಿಹ್ನೆಗಳನ್ನೂ ಒತ್ತಕ್ಷರ ಕೂಡಿಸುವ ಹಲಂತವನ್ನೂ ಅಕ್ಷರವೆಂದು ಎಣಿಸುವುದಿಲ್ಲ. ಹಾಗಾಗಿ "ಕನ್ನಡ" ಎಂಬುದು "ಕನ" ಮತ್ತು "ನಡ" ಎಂಬ ಎರಡು ತುಂಡಾಯಿತು, "ಬೆಳಗಾವಿ" ಮೂರು ತುಂಡಾಯಿತು. ಟ್ಯಾಬ್ ಒತ್ತಿ ಒಪ್ಪಿಕೊಂಡವನು ನಾನೇ. ನೋಡಲು ಅಷ್ಟು ಸರಿಯಾಗಿ ಕಾಣುವ ಸಾಲನ್ನು ಕಣ್ಣು ಹಾಗೇ ದಾಟಿಬಿಡುತ್ತದೆ.

ಚಾಟ್ ಕೂಡ ಮೊದಲ ಸಲ ಅದೇ ತಪ್ಪು ಮಾಡಿತು. ಆದರೆ "ಕನ", "ನಡ" ಎಂಬ ಫಲಿತಾಂಶವನ್ನು ಅಂಟಿಸಿ ಹೀಗೇಕೆ ಎಂದು ಕೇಳಿದಾಗ ಕಾರಣವನ್ನು ಬಿಡಿಸಿ ಹೇಳಿತು. ಪದ ಒಡೆಯುವುದನ್ನು ಸರಿಮಾಡಿದರೂ ಕೊಡಗಿನ ಪುಸ್ತಕಗಳು ಬರಲಿಲ್ಲ. ಆಗ ಎರಡೂ ಕಡೆಯ "ಕೊಡಗು" ಪದದ ಯೂನಿಕೋಡ್ ಸಂಖ್ಯೆಗಳನ್ನು ಪ್ರಿಂಟ್ ಮಾಡಿ ತೋರಿಸಲು ಹೇಳಿತು. ನೋಡಿದರೆ ಕಾಕಾ ಟೈಪ್ ಮಾಡಿದ "ಕೊ"ದಲ್ಲಿ ಒಕಾರ ಒಂದೇ ಚಿಹ್ನೆ, ಪಟ್ಟಿಯಲ್ಲಿದ್ದ "ಕೊ"ದಲ್ಲಿ ಎಕಾರ ಒಂದು, ಊಕಾರ ಒಂದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಬೇರೆ ಬೇರೆ. ಎರಡೂ ಕಡೆ ಎನ್‌ಎಫ್‌ಸಿ ಎಂಬ ಕೂಡಿದ ಒಂದೇ ಚಿಹ್ನೆಯ ರೂಪಕ್ಕೆ ತಂದರೆ ಮುಗಿಯಿತು, ಒಂದೇ ಸಾಲು. ಹದಿನೈದು ವರ್ಷ ಕನ್ನಡವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ನನಗೆ ಇದು ಗೊತ್ತಿರಲಿಲ್ಲ. ಆ ಅರ್ಧ ಗಂಟೆಯ ಮಾತುಕತೆ ನನಗೆ ನಿಜಕ್ಕೂ ಬೆಲೆಬಾಳುವಂಥದ್ದು. ಚಾಟ್‌ನ ಕಷ್ಟ ಬೇರೆ: ನಿಮ್ಮ ಫೈಲು ಅದಕ್ಕೆ ಕಾಣುವುದಿಲ್ಲ, ಕಾಪಿ ಪೇಸ್ಟ್ ಮಾಡಿ ಮಾಡಿ ಕೈ ಸೋಲುತ್ತದೆ.

ಏಜೆಂಟ್ ಬಗ್ಗೆ ಹೆಚ್ಚು ಹೇಳಬೇಕಿದೆ. ಎಕ್ಸೆಲ್ ಓದಿ, ಡೇಟಾಬೇಸ್ ಕಟ್ಟಿ, ಪುಟ ಮಾಡಿ, ಕೋಡ್ ಸರಿಯಿದೆಯೇ ಎಂದು ನೋಡುವ ಟೆಸ್ಟ್ ಬರೆದು ಓಡಿಸಿ ನಲವತ್ತು ನಿಮಿಷದಲ್ಲಿ ಎದುರಿಗಿಟ್ಟಿತು. ನೋಡಿ ಬೆರಗಾದೆ. ಆಮೇಲೆ ಗಿಟ್ ಡಿಫ್, ಅಂದರೆ ಕೋಡಿನಲ್ಲಿ ಏನೇನು ಬದಲಾಯಿತೆಂಬ ಪಟ್ಟಿ, ಓದಲು ಕೂತೆ. ಪಠ್ಯವನ್ನು ಶುಚಿ ಮಾಡುವ ಒಂದು ಫಂಕ್ಷನ್ ಕಾಣದ ಅಕ್ಷರಗಳನ್ನೆಲ್ಲ ಕಸವೆಂದು ತೆಗೆದುಹಾಕಿತ್ತು. ಅದರಲ್ಲಿ ಒತ್ತಕ್ಷರ ಹೇಗೆ ಕೂಡಬೇಕೆಂದು ಹೇಳುವ ಜೀರೋ ವಿಡ್ತ್ ಜಾಯ್ನರ್ ಕೂಡ ಹೋಗಿ "ರ‍್ಯಾಂಕ್" ಎಂಬುದು ಅರ್ಕಾವೊತ್ತಿನ "ರ್ಯಾಂಕ್" ಆಗಿತ್ತು.

ಅದಕ್ಕಿಂತ ದೊಡ್ಡದು ಅಕಾರಾದಿಯ ವಿಷಯ. ಯೂನಿಕೋಡಿನಲ್ಲಿ ಳ ಬರುವುದು ಲ ಆದ ಮೇಲೆ. ನಮ್ಮ ವರ್ಣಮಾಲೆಯಲ್ಲಿ, ನಿಘಂಟಿನಲ್ಲಿ, ಕಾಕಾ ಅವರ ರಿಜಿಸ್ಟರಿನಲ್ಲಿ ಅದು ಹ ಆದ ಮೇಲೆ. ಆದ್ದರಿಂದ ಕವನ, ಕಸ, ಕಹಳೆ, ಕಳಸ ಎಂಬ ಕ್ರಮ ಬರಬೇಕೆಂದು ನಾನೇ ಒಂದು ಟೆಸ್ಟ್ ಬರೆದಿಟ್ಟಿದ್ದೆ. ಏಜೆಂಟ್ ಎರಡು ಸಲ ಪ್ರಯತ್ನಿಸಿ ಸೋತಿತು. ಮೂರನೆಯ ಸಲ ನನ್ನ ಟೆಸ್ಟಿನೊಳಗೇ ಕಳಸವನ್ನು ಮೊದಲಿಗೆ ತಂದಿಟ್ಟು, ಎಲ್ಲ ಟೆಸ್ಟ್ ಪಾಸಾದವು ಎಂದು ವರದಿ ಕೊಟ್ಟಿತು. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಆಫೀಸಿನಲ್ಲಿ ದಿನಕ್ಕೆ ಇಂಥ ಎಷ್ಟು ಹಸಿರು ಟಿಕ್ ನೋಡಿ ಮುಂದೆ ಹೋಗುತ್ತೇನೆ! ಟೆಸ್ಟ್ ಫೈಲುಗಳನ್ನು ಮುಟ್ಟಲಾಗದಂತೆ ಬೀಗ ಹಾಕಿ, ವರ್ಣಮಾಲೆಯನ್ನು ಬರೆದು ಕೊಟ್ಟ ಮೇಲೆ ಸರಿಯಾದ ಕೋಡ್ ಬಂತು.

ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದಕ್ಕೆ ಕಾರಣ 2025ರ ಜುಲೈಯಲ್ಲಿ ಮೆಟರ್ ಎಂಬ ಸಂಸ್ಥೆ ಪ್ರಕಟಿಸಿದ ಅಧ್ಯಯನ. ಅನುಭವಿ 16 ಡೆವಲಪರ್‌ಗಳು ತಮ್ಮದೇ ಪ್ರಾಜೆಕ್ಟುಗಳ 246 ಕೆಲಸ ಮಾಡಿದಾಗ, ಎಐ ಬಳಸಿದ ಕಡೆ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಅವರಿಗೆ ಮಾತ್ರ ಶೇ 20ರಷ್ಟು ಬೇಗ ಮುಗಿದಂತೆ ಅನಿಸಿತ್ತು. ನನ್ನದು ಹೊಸ, ಸಣ್ಣ ಕೆಲಸ, ಆ ಲೆಕ್ಕಕ್ಕೆ ಸೇರದು. ಆದರೂ ನೋಟ್‌ಬುಕ್ ಹೇಳಿದ್ದು ಹೀಗೆ: ಎಡಿಟರ್ ಜೊತೆ ಐದು ಗಂಟೆ, ರಿಪೇರಿಗೆ ಮತ್ತೆ ನಾಲ್ಕು. ಚಾಟ್ ಜೊತೆ ಏಳು. ಏಜೆಂಟ್ ಜೊತೆ ಎರಡು, ಅದು ಬರೆದದ್ದನ್ನು ಓದಿ ತಿದ್ದಲು ಐದು. ನೋಟ್‌ಬುಕ್ ಇಲ್ಲದಿದ್ದರೆ ಏಜೆಂಟ್ ಮೂರು ಪಟ್ಟು ವೇಗ ಎಂದು ಎದೆ ತಟ್ಟಿ ಹೇಳುತ್ತಿದ್ದೆ.

ಇನ್ನೊಂದು ಮಾತು. ಯುಟಿಎಫ್-8ರಲ್ಲಿ (ಯೂನಿಕೋಡನ್ನು ಕಡತದಲ್ಲಿ ಉಳಿಸುವ ರೀತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಇಂಗ್ಲಿಷ್ ಅಕ್ಷರಕ್ಕೆ 1. ಹಾಗಾಗಿ ಕನ್ನಡ ಪಠ್ಯ ಎಐ ಬಳಕೆಯ ಮಿತಿಯನ್ನು ಬೇಗ ತಿನ್ನುತ್ತದೆ. ಇಡೀ ಪಟ್ಟಿಯನ್ನು ಏಜೆಂಟ್ ಮುಂದೆ ಸುರಿದ ದಿನ ನನ್ನ ಕೋಟಾ ಮಧ್ಯಾಹ್ನಕ್ಕೇ ಖಾಲಿಯಾಯಿತು. ಇಪ್ಪತ್ತು ಸಾಲಿನ ಮಾದರಿ ಕೊಟ್ಟರೆ ಸಾಕು.

ಕನ್ನಡ ಪಠ್ಯವನ್ನು ಮುಟ್ಟುವ ಕೋಡಿಗೆ ನಾನು ಚಾಟನ್ನೇ ಆರಿಸುತ್ತೇನೆ, ಒಂದೊಂದು ಸಾಲನ್ನೂ ನನ್ನ ಕೈಯಿಂದಲೇ ಹಾಯಿಸಬೇಕಾಗುತ್ತದೆ ಎಂಬ ಕಾರಣಕ್ಕೆ. ಡೇಟಾಬೇಸ್, ಪುಟ, ಬ್ಯಾಕಪ್ ಎಲ್ಲ ಏಜೆಂಟಿಗೆ. ಎಡಿಟರಿನ ಸಲಹೆಯನ್ನು ಪಠ್ಯದ ಫೈಲಿನಲ್ಲಿ ಆಫ್ ಮಾಡಿದ್ದೇನೆ.

ಕೊಡಗಿನ ಆರೂ ಪುಸ್ತಕ ಈಗ ಸಿಗುತ್ತವೆ. ಕಾಕಾ ಅವರ ಹೊಸ ಬೇಡಿಕೆ: "ಮೊಮ್ಮಗಳು ಮರಾಠಿ ಸಾಲಿಗೆ ಹೋಗ್ತಾಳ. ಆಕಿ ದೇವನಾಗರಿಯೊಳಗ ಹೊಡದ್ರೂ ಬರಬೇಕ್ ನೋಡ್ ತಮ್ಮಾ." ಯೂನಿಕೋಡಿನಲ್ಲಿ ದೇವನಾಗರಿಯ ಕಕಾರಕ್ಕೂ ನಮ್ಮ ಕಕಾರಕ್ಕೂ 896ರ ಅಂತರ, ಉಳಿದ ಹೆಚ್ಚಿನ ಅಕ್ಷರಗಳಿಗೂ ಅಷ್ಟೇ. ಕೂಡಿದರೆ ಬಹುಪಾಲು ಸರಿಹೋಗುತ್ತದೆ. ಆದರೆ ಮರಾಠಿ ಬರವಣಿಗೆಯಲ್ಲಿ ಎ-ಏ, ಒ-ಓ ಭೇದವಿಲ್ಲ, ಆಕೆ ಬರೆದದ್ದು "ಕೋಡಗು" ಆಗಿ ಬರುತ್ತದೆ. ಮೊದಲು ಇಂಥ ಮೂವತ್ತು ಪದಗಳ ಟೆಸ್ಟನ್ನು ಕಾಕಾ ಜೊತೆ ಕೂತು ಬರೆಯುತ್ತಿದ್ದೇನೆ. ಹನ್ನೆರಡು ಆಗಿವೆ.