ಎಚ್ಚರ: ಹಳೇ ರೇಡಿಯೇಟರ್‌ಗೆ ಕಪ್ಪು ಬಣ್ಣ ಹೊಡೆದು ಹೊಸ ಕೋರ್ ಅಂತ ಕೊಟ್ಟರು

ಹಳೇ ಲಾರಿ ಇಟ್ಟುಕೊಂಡು ಮಲೆನಾಡಲ್ಲಿ ಬಾಡಿಗೆ ಹೊಡೆಯುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಶಿವಮೊಗ್ಗದ ಒಂದು ಗ್ಯಾರೇಜಿನವರು ನನ್ನ ಗಾಡಿಗೆ ಹೊಸ ರೇಡಿಯೇಟರ್ ಕೋರ್ (ಎಂಜಿನ್ನಿನ ಬಿಸಿ ನೀರು ತಣ್ಣಗಾಗುವ ಸಣ್ಣ ಟ್ಯೂಬುಗಳ ಭಾಗ) ಹಾಕಿದ್ದೇವೆ ಅಂತ ಹೇಳಿ ಎಲ್ಲಾ ಸೇರಿ 31,700 ರೂಪಾಯಿ ತೆಗೆದುಕೊಂಡರು. ಹೊಸದು ಹಾಕಿರಲಿಲ್ಲ. ನನ್ನದೇ ಹಳೇ ಕೋರಿಗೆ ಕಪ್ಪು ಬಣ್ಣ ಹೊಡೆದು ವಾಪಸ್ ಕೂರಿಸಿದ್ದರು. ಅದರಿಂದ ಹುಲಿಕಲ್ ಘಾಟಿ ಮಧ್ಯದಲ್ಲಿ, ತುಂಬಿದ ಲೋಡಿನ ಸಮೇತ ನಿಂತೆ. ಎಂಜಿನ್ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಹೋಯಿತು. ಬರೆಯುವಾಗ ಈಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟಿದೆ.

ಗಾಡಿ ಹಳೇ ಟಾಟಾ, 697 ಎಂಜಿನ್, ಆರು ಸಿಲಿಂಡರಿನದು. ನಾನೇ ಮಾಲೀಕ, ನಾನೇ ಡ್ರೈವರ್. ಜೊತೆಗೆ ಒಬ್ಬ ಕ್ಲೀನರ್ ಹುಡುಗ. ಅಡಿಕೆ, ಶುಂಠಿ, ಹೆಂಚು, ಹುಲ್ಲು, ಏನು ಸಿಕ್ಕಿದರೂ ಹೊಡೆಯುತ್ತೇನೆ. ವಯಸ್ಸಾದ ಗಾಡಿ ಆದ್ದರಿಂದ ವರ್ಷ ವರ್ಷ ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಇನ್ಶೂರೆನ್ಸ್ ಕಟ್ಟಬೇಕು, ಟೈರ್ ನೋಡಬೇಕು. ಇದೆಲ್ಲ ನಿಮಗೂ ಗೊತ್ತಿರುವುದೇ. ಕೈಗೆ ಉಳಿಯುವುದು ಎಷ್ಟು ಅಂತಾನೂ ಗೊತ್ತು.

ಈ ಬೇಸಿಗೆಯಲ್ಲಿ ಗಾಡಿ ನೀರು ಕುಡಿಯುವುದಕ್ಕೆ ಶುರುಮಾಡಿತು. ಬೆಳಗ್ಗೆ ರೇಡಿಯೇಟರ್ ತುಂಬಿದರೆ ಸಂಜೆಗೆ ಇಳಿದಿರುತ್ತಿತ್ತು. ಕೋರಿನ ಕೆಳಗಡೆ ಹಸಿರು ಕಲೆ, ಹನಿ ಹನಿ ಸೋರಿಕೆ. ಮುಂದೆ ಮಳೆಗಾಲ. ಅದಕ್ಕಿಂತ ಮೊದಲು ಹೆಂಚಿನ ಬಾಡಿಗೆ ಜಾಸ್ತಿ ಬರುತ್ತೆ. ಹಾಗಾಗಿ ಒಂದೇ ಸಲ ಪೂರ್ತಿ ಕೆಲಸ ಮಾಡಿಸೋಣ ಅಂತ ಶಿವಮೊಗ್ಗಕ್ಕೆ ತೆಗೆದುಕೊಂಡು ಹೋದೆ. ಪರಿಚಯದವರು ಹೇಳಿದ ಗ್ಯಾರೇಜ್ ಅದು.

ಅಲ್ಲಿನ ಮೇಸ್ತ್ರಿ ನೋಡಿದ ತಕ್ಷಣ ಹೇಳಿದರು. "ಅಣ್ಣ, ಕೋರ್ ಮುಗಿದಿದೆ. ಬೆಸುಗೆ ಹಾಕಿದ್ರೆ ಒಂದು ತಿಂಗಳು. ಹೊಸ ತಾಮ್ರದ ಕೋರ್ ಹಾಕಿಸಿಬಿಡಿ, ಹತ್ತು ವರ್ಷ ಬಾನೆಟ್ ಎತ್ತೋದೇ ಬೇಡ." ವಾಟರ್ ಪಂಪ್, ಥರ್ಮೋಸ್ಟಾಟ್ ವಾಲ್ವ್, ಹೋಸ್ ಪೈಪು, ಫ್ಯಾನ್ ಬೆಲ್ಟ್, ಕೂಲಂಟ್, ಎಲ್ಲಾ ಒಟ್ಟಿಗೆ ಅಂತ ಲೆಕ್ಕ ಹಾಕಿದರು. ಕೋರಿಗೆ 19,000. ಪಂಪಿಗೆ 4,200. ವಾಲ್ವಿಗೆ 900. ಹೋಸು ಬೆಲ್ಟು 2,400. ಕೂಲಂಟ್ 2,200. ಮಜೂರಿ 6,000. ನಾನು ಒಪ್ಪಿದೆ. ಹೊಸ ಕೋರ್ ಅಂದಮೇಲೆ ಆ ರೇಟು ತೀರಾ ಜಾಸ್ತಿ ಅನ್ನಿಸಲಿಲ್ಲ.

ಗಾಡಿ ತರಲು ಹೋದಾಗ ಹಳೇ ಕೋರ್ ಕೇಳಿದೆ. ಎಲ್ಲರೂ ಕೇಳುತ್ತಾರೆ ಅಲ್ವಾ? ತಾಮ್ರ, ಹಿತ್ತಾಳೆ, ಗುಜರಿಯಲ್ಲಿ ಒಳ್ಳೆ ಬೆಲೆ ಇದೆ. "ಗುಜರಿಯವನು ಬಂದಿದ್ದ, ತೂಕ ಹಾಕಿ ಕೊಟ್ಟುಬಿಟ್ವಿ ಅಣ್ಣ. ನಿಮ್ಮ ಬಿಲ್ಲಲ್ಲಿ 3,000 ಕಳೆದಿದ್ದೀನಿ ನೋಡಿ" ಅಂದರು. ಬಿಲ್ಲು ತೋರಿಸಿದರು. ಹೌದು, ಕಳೆದಿದ್ದರು. 34,700ರಲ್ಲಿ 3,000 ಕಳೆದು 31,700. ಇಷ್ಟು ಲೆಕ್ಕ ಇಟ್ಟಿದ್ದಾರಲ್ಲ, ಸರಿಯಾದ ಜನ ಅಂದುಕೊಂಡೆ. ಈಗ ಯೋಚನೆ ಮಾಡಿ. ಆ ಹಳೇ ಕೋರ್ ನನ್ನ ಗಾಡಿಯಲ್ಲೇ ಕೂತಿತ್ತು! ಮಾರಿಯೇ ಇಲ್ಲದ ಕೋರಿಗೆ ಗುಜರಿ ದುಡ್ಡು ಅಂತ ಮೂರು ಸಾವಿರ ಕಳೆದು ತೋರಿಸಿದ್ದಾರೆ. ನನ್ನ ಬಾಯಿ ಮುಚ್ಚಿಸಲು. ಇದು ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ಟ್ರಯಲ್ ಕೂಡ ಮಾಡಿಸಿದರು. ಖಾಲಿ ಗಾಡಿಯಲ್ಲಿ ಸಾಗರ ರಸ್ತೆಯಲ್ಲಿ ಆಯನೂರು ಕಡೆಗೆ ಒಂದು ಸುತ್ತು. ಮೀಟರ್ ಮುಳ್ಳು ಅಲ್ಲಾಡಲಿಲ್ಲ. "ನೋಡಿ ಅಣ್ಣ, ಏಳೋದೇ ಇಲ್ಲ. ಐಸ್ ಇದ್ದಂಗಿದೆ" ಅಂದರು. ದುಡ್ಡು ಎಣಿಸಿ ಕೊಟ್ಟೆ. ಬಿಲ್ಲು ಅಂದರೆ ಒಂದು ಬಿಳಿ ಚೀಟಿ. ಜಿಎಸ್‌ಟಿ ನಂಬರ್ ಇಲ್ಲ. ಮೇಲೆ ಅವರ ಹೆಸರಿನ ಸೀಲು ಇದೆ, ಅಷ್ಟೇ.

ಆಮೇಲೆ ಕುಂದಾಪುರದಿಂದ ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಹತ್ತಿರದ ಒಂದು ಮನೆಗೆ ಹೆಂಚಿನ ಬಾಡಿಗೆ ಸಿಕ್ಕಿತು. ಆಗುಂಬೆಯ 14 ತಿರುವುಗಳಲ್ಲಿ ದೊಡ್ಡ ಲಾರಿ ಬಿಡುವುದಿಲ್ಲ. ನಮಗೆ ಹುಲಿಕಲ್ ಘಾಟಿಯೇ ದಾರಿ. ಹೊಸಂಗಡಿ ದಾಟಿ ಹತ್ತಲು ಶುರುಮಾಡಿದೆ. ಸ್ವಲ್ಪ ಹೊತ್ತಿಗೇ ಮುಳ್ಳು ಏಳಲು ಶುರುವಾಯಿತು. ಗೇರ್ ಇಳಿಸಿದೆ, ನಿಧಾನ ಮಾಡಿದೆ. ಇಳಿಯಲಿಲ್ಲ. ಒಂದು ತಿರುವಿನಲ್ಲಿ ಬಾನೆಟ್ ಸಂದಿಯಿಂದ ಹಬೆ ನುಗ್ಗಿತು. ಕ್ಲೀನರ್ ಹಾರಿ ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ. ಹಿಂದೆ ಗಾಡಿಗಳ ಸಾಲು. ಎಲ್ಲರೂ ಹಾರ್ನ್ ಹೊಡೆಯುತ್ತಿದ್ದಾರೆ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳುತ್ತೆ, ಕ್ಯಾಪ್ ತೆಗೆದರೆ ಮುಖ ಸುಡುತ್ತೆ. ಕಾಯುವುದು ಬಿಟ್ಟು ಬೇರೆ ದಾರಿ ಇಲ್ಲ.

ಅಷ್ಟರಲ್ಲಿ ಹೆಂಚು ತರಿಸಿದ ಮನೆಯವರ ಫೋನು. "ಎಲ್ಲಿದ್ದೀರಿ ಮಾರಾಯ್ರೆ? ಮಾಡು ಬಿಚ್ಚಿ ಕೂತಿದ್ದೇವೆ. ಮೋಡ ಆಗಿದೆ." ಏನು ಹೇಳಲಿ? ಹೊಸ ಕೋರ್ ಹಾಕಿಸಿದ್ದೇನೆ, ಗಾಡಿ ಕಂಡೀಷನ್ನು ಅಂತ ಅವರಿಗೆ ನಾನೇ ಹೇಳಿದ್ದೆ. ಆ ಸಂಜೆ ಅಲ್ಲಿ ಮಳೆ ಬಂತು. ಹೆಂಚನ್ನು ಬೇರೆ ಲಾರಿಗೆ ದಾಟಿಸುವಾಗ ಒಂದಷ್ಟು ಒಡೆದವು. ಆ ಬಾಡಿಗೆ, ಕೂಲಿ, ಒಡೆದ ಹೆಂಚು, ಎಲ್ಲಾ ನನ್ನ ಕೈಯಿಂದ. ಅವರ ಮುಖ ನೋಡಲು ಆಗಲಿಲ್ಲ ನನಗೆ.

ಸರಪಳಿ ಹಾಕಿ ಮಾಸ್ತಿಕಟ್ಟೆಗೆ ಎಳೆಸಿದೆ. ಅಲ್ಲಿಂದ ತೀರ್ಥಹಳ್ಳಿಗೆ. ಅಲ್ಲಿ ರೇಡಿಯೇಟರ್ ಬೆಸುಗೆ ಕೆಲಸ ಮಾಡುವ ಒಬ್ಬರು ಹಿರಿಯರಿದ್ದಾರೆ. ಅವರಿಗೆ ಹೇಳಿದೆ, ಹೊಸ ಕೋರ್, ಈಗಷ್ಟೇ ಹಾಕಿಸಿದ್ದು, ಆದರೂ ಕಾಯ್ತು ಅಂತ. ಅವರು ಮಾತಾಡಲಿಲ್ಲ. ತಂತಿ ಬ್ರಷ್ ತಗೊಂಡು ಒಂದು ಮೂಲೆಯಲ್ಲಿ ಬಣ್ಣ ಉಜ್ಜಿದರು. ಆಮೇಲೆ ನನ್ನ ಕಡೆ ತಿರುಗಿ, "ಹೊಸ ಕೋರ್ ಅಂತ ಯಾರು ಹೇಳಿದ್ದು ನಿಮಗೆ?" ಅಂದರು.

ಬಗ್ಗಿ ನೋಡಿದೆ. ಎಡಗಡೆ ಕೆಳಗೆ ಎರಡು ಟ್ಯೂಬು ಒತ್ತಿ ಬೆಸುಗೆ ಹಾಕಿದ ಗುರುತು. ಅದು ನಾನೇ ವರ್ಷಗಳ ಹಿಂದೆ ಸಾಗರದಲ್ಲಿ ಮಾಡಿಸಿದ್ದು! ಅದೇ ಗಂಟು, ಅದರ ಪಕ್ಕದಲ್ಲಿ ಅದೇ ಬಗ್ಗಿದ ಫಿನ್ನು (ಟ್ಯೂಬುಗಳ ನಡುವಿನ ತೆಳು ತಗಡು). ನನ್ನ ಗಾಡಿಯ ಗುರುತು ನನಗೆ ಗೊತ್ತಾಗಲ್ವಾ? ನಿಂತಲ್ಲೇ ಬೆವರು ಬಂತು. ಸುತ್ತ ನಾಲ್ಕು ಜನ ಡ್ರೈವರುಗಳಿದ್ದರು. ಎಲ್ಲರೂ ನೋಡುತ್ತಿದ್ದಾರೆ. ಹತ್ತೊಂಬತ್ತು ಸಾವಿರ ಕೊಟ್ಟು ನನ್ನದೇ ಕೋರನ್ನು ನಾನು ಕೊಂಡುಕೊಂಡಿದ್ದೆ.

ಮೇಲಿನ ಟ್ಯಾಂಕ್ ಬಿಚ್ಚಿದರು. ಒಳಗೆ ಹಳದಿ ಕಂದು ರಾಡಿ. ಸೋರಿಕೆ ನಿಲ್ಲಿಸಲು ಹಾಕುವ ಪುಡಿ. ಕೆಲವರು ದಾರಿಯಲ್ಲಿ ಅರಿಶಿನ ಪುಡಿ ಹಾಕುತ್ತಾರಲ್ಲ, ಅದೇ ಕೆಲಸ. ತುರ್ತಿಗೆ ಮನೆ ಮುಟ್ಟಲು ಅದು ಸರಿ. ಆದರೆ ಆ ಪುಡಿಗೆ ತೂತು ಯಾವುದು, ಟ್ಯೂಬು ಯಾವುದು ಅಂತ ಗೊತ್ತಾಗುವುದಿಲ್ಲ. ತೂತನ್ನೂ ಮುಚ್ಚುತ್ತೆ, ಸಣ್ಣ ಟ್ಯೂಬನ್ನೂ ಮುಚ್ಚುತ್ತೆ. ಹಿರಿಯರು ನೀರು ಬಿಟ್ಟು ತೋರಿಸಿದರು. ಅರ್ಧಕ್ಕರ್ಧ ಟ್ಯೂಬಿನಲ್ಲಿ ನೀರು ಇಳಿಯಲೇ ಇಲ್ಲ.

ಆಮೇಲೆ ಥರ್ಮೋಸ್ಟಾಟ್ ಇರುವ ಜಾಗ ಬಿಚ್ಚಿದರು. ಖಾಲಿ. ವಾಲ್ವೇ ಇಲ್ಲ. 900 ರೂಪಾಯಿ ಬಿಲ್ಲಿನಲ್ಲಿದೆ, ಗಾಡಿಯಲ್ಲಿ ಇಲ್ಲ. ಆಗ ನನಗೆ ಆ ಟ್ರಯಲ್ ಅರ್ಥವಾಯಿತು. ವಾಲ್ವ್ ಇದ್ದರೆ ಎಂಜಿನ್ ಸುಮಾರು 80 ಡಿಗ್ರಿಗೆ ಬರುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡುವುದಿಲ್ಲ. ಅದನ್ನು ಕಿತ್ತು ಹಾಕಿದರೆ ಖಾಲಿ ಗಾಡಿ, ಸಮತಟ್ಟು ರಸ್ತೆಯಲ್ಲಿ ಮುಳ್ಳು ಏಳುವುದೇ ಇಲ್ಲ. ಅದನ್ನೇ ತೋರಿಸಿದ್ದು ನನಗೆ. ಆದರೆ ವಾಲ್ವ್ ಪೂರ್ತಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವೂ ಅದರದ್ದೇ. ವಾಲ್ವ್ ಇಲ್ಲದಿದ್ದರೆ ಒಂದಷ್ಟು ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಹಾಗೇ ಎಂಜಿನ್ನಿಗೆ ವಾಪಸ್ ಹೋಗುತ್ತೆ. ಮೇಲೆ ಲೋಡು, ಘಾಟಿ ಏರು, ನಿಧಾನ ಹೋಗುವಾಗ ಗಾಳಿ ಕಮ್ಮಿ, ಅರ್ಧ ಟ್ಯೂಬು ಬಂದ್. ಕುದಿಯದೆ ಇನ್ನೇನಾಗುತ್ತೆ?

ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗ್ ಕೂಡ ಸತ್ತಿತ್ತು. ಕ್ಯಾಪ್ ಅರ್ಧ ಬಾರ್ ಒತ್ತಡ ಹಿಡಿದರೂ ನೀರು 110 ಡಿಗ್ರಿವರೆಗೆ ಕುದಿಯದೆ ತಡೆದುಕೊಳ್ಳುತ್ತೆ. ಅದೂ ಇರಲಿಲ್ಲ. ಇಷ್ಟು ದೊಡ್ಡ ಬಿಲ್ಲು ಮಾಡಿದವರಿಗೆ ಒಂದು ಕ್ಯಾಪ್ ನೋಡಲು ಆಗಲಿಲ್ಲ.

ಈಗ ಅವರ ಉತ್ತರಗಳನ್ನು ಕೇಳಿ.

ಘಾಟಿಯಿಂದಲೇ ಫೋನ್ ಮಾಡಿದ್ದಾಗ ಹೇಳಿದ್ದು: "ಘಾಟಿಯಲ್ಲಿ ಯಾವ ಗಾಡಿ ಹೀಟ್ ಆಗಲ್ಲ ಹೇಳಿ ಅಣ್ಣ? ಸ್ವಲ್ಪ ಗೇರ್ ನೋಡಿ ಓಡಿಸಿ." ನನಗೆ! ಮೀಸೆ ಬರುವ ಮೊದಲಿಂದ ಈ ಘಾಟಿಗಳನ್ನು ಹತ್ತಿ ಇಳಿದವನಿಗೆ ಗೇರ್ ಹಾಕುವುದನ್ನು ಹೇಳಿಕೊಡುತ್ತಾರೆ.

ತೀರ್ಥಹಳ್ಳಿಯಿಂದ ಮಾಡಿದಾಗ ವಾಲ್ವ್ ಬಗ್ಗೆ ಕೇಳಿದೆ. "ಅದು ನಮ್ಮ ಕಡೆಗೆ ಬೇಡ ಅಣ್ಣ, ಅದೆಲ್ಲ ಫಾರಿನ್ ಚಳಿಗೆ." ಹಾಗಾದರೆ ಬಿಲ್ಲಿನಲ್ಲಿ ಯಾಕೆ ಇದೆ? "ಹುಡುಗರು ತಪ್ಪಿ ಬರೆದಿರಬೇಕು. ನೆಕ್ಸ್ಟ್ ಟೈಮ್ ಬಂದಾಗ ಅಡ್ಜಸ್ಟ್ ಮಾಡೋಣ."

ಬೆಸುಗೆ ಗುರುತಿನ ಫೋಟೋ ವಾಟ್ಸ್ಆಪ್‌ಗೆ ಕಳಿಸಿದೆ. ನೋಡಿದ್ದಾರೆ, ನೀಲಿ ಟಿಕ್ ಬಂತು. ಸಂಜೆವರೆಗೆ ಉತ್ತರ ಇಲ್ಲ. ಆಮೇಲೆ ವಾಯ್ಸ್ ಮೆಸೇಜ್: "ಬೇರೆಯವರ ಕೈಲಿ ಬಿಚ್ಚಿಸಿದ ಮೇಲೆ ನಮ್ಮನ್ನ ಕೇಳಬೇಡಿ. ಅವರೇ ನಮ್ಮ ಕೋರ್ ಬದಲಾಯಿಸಿ ಹಳೇದು ತೋರಿಸಿರಬಹುದು." ನೋಡಿ ಮಾತು! ನನ್ನ ಕಣ್ಣೆದುರೇ ಬಿಚ್ಚಿದ ಮನುಷ್ಯನ ಮೇಲೆ ಕಳ್ಳತನ ಹೊರಿಸುತ್ತಾರೆ. ಆ ಹಿರಿಯರಿಗೆ ಈ ಮೆಸೇಜ್ ಕೇಳಿಸಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ನಾನೇ ಶಿವಮೊಗ್ಗಕ್ಕೆ ಹೋದೆ. ಮಾಲೀಕರು ಕುರ್ಚಿಯಿಂದ ಏಳಲಿಲ್ಲ, ಮೊಬೈಲ್ ನೋಡುತ್ತಲೇ ಮಾತಾಡಿದರು. "ಗ್ಯಾರಂಟಿ ಕೆಲಸಕ್ಕೆ ಅಣ್ಣ, ಪಾರ್ಟ್ಸಿಗಲ್ಲ." ಹಾಕಿಯೇ ಇಲ್ಲದ ಪಾರ್ಟಿಗೆ ಯಾವ ಗ್ಯಾರಂಟಿ ಅಂತ ಕೇಳಿದೆ. ಅಲ್ಲಿ ಕೂತಿದ್ದ ಬೇರೆ ಗಿರಾಕಿಗಳ ಮುಂದೆ ನಕ್ಕು, "ಗಾಡಿ ಮಾರಿಬಿಡಿ ಅಣ್ಣ, ಇನ್ನು ಇದು ನಿಮ್ಮ ಕೈಲಿ ಆಗಲ್ಲ" ಅಂದರು. ಹೊರಡುವಾಗ ಸಾವಿರ ರೂಪಾಯಿ ಚಾಚಿದರು, ಡೀಸೆಲ್‌ಗೆ ಇಟ್ಕೊಳ್ಳಿ ಅಂತ. ಮುಟ್ಟಲಿಲ್ಲ. ನನಗೆ ಬೇಕಿರುವುದು ಅವರ ಭಿಕ್ಷೆ ಅಲ್ಲ, ನನ್ನ ದುಡ್ಡು.

ಎಂಜಿನ್ ಕಥೆ ಬೇರೆ. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ ಕೆಳಗಿನ ಸೀಲು, ಹೋಗಿತ್ತು. ಹೆಡ್ ಸೊಟ್ಟ ಆಗಿತ್ತು. ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿ (ತಳ ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿಸಿ, ಈ ಸಲ ನಿಜವಾಗಿಯೂ ಹೊಸ ಕೋರ್ ಹಾಕಿಸಿದೆ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡ ಇದೆ.

ದಯವಿಟ್ಟು ಇಷ್ಟು ಮಾಡಿ. ಕೋರ್ ಬದಲಾಯಿಸುವಾಗ ಬಣ್ಣ ಹೊಡೆಯುವ ಮೊದಲು, ಮೇಲಿನ ಟ್ಯಾಂಕ್ ಕೂರಿಸುವ ಮೊದಲು ನಿಂತು ನೋಡಿ, ಫೋಟೋ ತೆಗೆಯಿರಿ. ಬಣ್ಣ ಒಣಗಿದ ಮೇಲೆ ಹೊಸದೂ ಹಳೇದೂ ಒಂದೇ ಥರ ಕಾಣುತ್ತೆ. ಹಳೇ ಕೋರ್ ಕೈಗೆ ಬರದೆ ದುಡ್ಡು ಕೊಡಬೇಡಿ. ಗುಜರಿಗೆ ಹಾಕಿದ್ವಿ ಅಂದರೆ ಗುಜರಿಯವನ ಚೀಟಿ ಕೇಳಿ. ಖಾಲಿ ಗಾಡಿಯ ಟ್ರಯಲ್ ನಂಬಬೇಡಿ. ವಾಲ್ವ್ ಇದೆಯೋ ಇಲ್ಲವೋ ನೋಡಲು ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟಿ. ವಾಲ್ವ್ ಇದ್ದರೆ ಅದು ಸ್ವಲ್ಪ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತೆ. ಇಲ್ಲದಿದ್ದರೆ ಮೊದಲಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋಗುತ್ತೆ. ವಾಲ್ವ್ ನಮ್ಮ ಕಡೆಗೆ ಬೇಡ ಅಂತ ಹೇಳುವವರ ಹತ್ತಿರ ಗಾಡಿ ಬಿಡಲೇಬೇಡಿ.

ಬಾಡಿಗೆ ಗಾಡಿ, ಗ್ರಾಹಕರ ಕೋರ್ಟಿಗೆ ಹೋಗಲು ಬರಲ್ಲ ಅಂತ ಕೆಲವರು ನನಗೆ ಹೇಳಿದರು. ಹಾಗೇನಿಲ್ಲ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಗೆ ಇಟ್ಟುಕೊಂಡಿದ್ದರೆ 2019ರ ಗ್ರಾಹಕರ ಕಾಯ್ದೆಯಲ್ಲಿ ನಾವೂ ಗ್ರಾಹಕರೇ. ಘಟನೆ ಆಗಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಗ್ರಾಹಕರ ಸಹಾಯವಾಣಿ 1915 ನಂಬರಿಗೆ ಫೋನ್ ಮಾಡಿದರೂ ದೂರು ಬರೆದುಕೊಳ್ಳುತ್ತಾರೆ. ನನ್ನ ಹತ್ತಿರ ಆ ಚೀಟಿ ಇದೆ, ಫೋಟೋ ಇದೆ, ವಾಯ್ಸ್ ಮೆಸೇಜ್ ಇದೆ. ಬಿಚ್ಚಿದ ಕೋರನ್ನು ಈ ಸಲ ಗುಜರಿಗೆ ಕೊಟ್ಟಿಲ್ಲ, ಮನೆ ಕೊಟ್ಟಿಗೆಯಲ್ಲಿ ಹಾಗೇ ಇಟ್ಟಿದ್ದೇನೆ. ಆ ಎರಡು ಟ್ಯೂಬಿನ ಬೆಸುಗೆ ಸಮೇತ ಅದನ್ನೇ ಆಯೋಗದ ಮುಂದೆ ತೆಗೆದುಕೊಂಡು ಹೋಗುತ್ತೇನೆ.