ಬಾಣಕ್ಕೆ ಗರಿ ಹಾಕಿಸ್ತೀರಾ? ಹಾಸನ, ಚಿಕ್ಕಮಗಳೂರು ಕಡೆಯವರು ದಯವಿಟ್ಟು ಇದನ್ನ ಓದಿ ಆಮೇಲೆ ದುಡ್ಡು ಕೊಡಿ

ಸ್ಟೇಷನರಿ ಅಂಗಡಿಯಲ್ಲಿ ಗೋಡೆಗೆ ಫೋಟೊ ಅಂಟಿಸೋಕೆ ಕೊಡ್ತಾರಲ್ಲ, ಎರಡೂ ಕಡೆ ಗೋಂದು ಇರುವ ದಪ್ಪ ಸ್ಪಂಜಿನ ಟೇಪು, ಅದನ್ನ ನನ್ನ ಬಾಣಗಳಿಗೆ ಹಾಕಿ, ಅದರ ಮೇಲೆ ಗರಿ ಕೂರಿಸಿ ಕೊಟ್ಟಿದ್ದಾನೆ. ಒಂದು ಬಾಣಕ್ಕೆ 120 ರೂಪಾಯಿ. ಡಜನ್ನಿಗೆ 1,440. ಅದರಲ್ಲಿ 1,000 ಮೊದಲೇ ಫೋನ್‌ಪೇ ಮಾಡಿಸಿಕೊಂಡ. ಸ್ಪಂಜಿನ ಟೇಪು! ಬರೆಯೋವಾಗ ಇನ್ನೂ ಕೈ ನಡುಗ್ತಿದೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವನ ಹೆಸರು ಹಾಕಲ್ಲ. ಅವನ ಮನೆಯವರು ನಮಗೆ ದೂರದ ಪರಿಚಯ, ನಾಳೆ ಯಾವುದೋ ಮದುವೆಯಲ್ಲಿ ಎದುರಾಗಬೇಕು. ಚಿಕ್ಕಮಗಳೂರು ಪೇಟೆಯಲ್ಲಿ ಕೂತು ವಾಟ್ಸಾಪಿನಲ್ಲಿ ಆರ್ಡರ್ ತಗೋತಾನೆ, ಹೋಮ್‌ಸ್ಟೇಗಳಿಗೆ ಬಿಲ್ಲು ಬಾಣ ಸಪ್ಲೈ ಮಾಡ್ತಾನೆ, ಇಷ್ಟು ಸಾಕು. ಗೊತ್ತಿದ್ದವರಿಗೆ ಗೊತ್ತಾಗುತ್ತೆ.

ನಮ್ಮದು ಸಕಲೇಶಪುರದ ಹತ್ತಿರ ತೋಟ. ಕೆಲಸ ಮುಗಿದ ಮೇಲೆ ಕಣದಲ್ಲಿ ಹುಲ್ಲಿನ ಪಿಂಡಿ ನಿಲ್ಲಿಸಿ ಬಾಣ ಬಿಡೋದು ನನ್ನ ಹುಚ್ಚು. ಹಳೇ ಶೈಲಿಯ ಮರದ ಬಿಲ್ಲು. ಬಾಣ ಕೂರಿಸೋಕೆ ಬೇರೆ ಆಸರೆ ಇಲ್ಲ, ಹಿಡಿದ ಕೈಯ ಬೆರಳ ಗಿಣ್ಣಿನ ಮೇಲೇ ಬಾಣ ಸರಿದು ಹೋಗಬೇಕು. ಅದಕ್ಕೇ ಇಂಥ ಬಿಲ್ಲಿಗೆ ಪ್ಲಾಸ್ಟಿಕ್ ರೆಕ್ಕೆ ಒಗ್ಗಲ್ಲ, ಗರಿಯೇ ಬೇಕು. ಗರಿ ಕೈಗೆ ತಾಗಿದರೆ ಬಾಗಿ ಮಲಗುತ್ತೆ, ದಾಟಿದ ಮೇಲೆ ಏಳುತ್ತೆ. ಪ್ಲಾಸ್ಟಿಕ್ ಆದರೆ ಬಡಿದು ಬಾಣವನ್ನೇ ಓರೆ ಮಾಡುತ್ತೆ. ಬಾಣದ ಕಡ್ಡಿಗಳನ್ನ ಬೇಲೂರಿನ ಆಚಾರ್ರೊಬ್ಬರು ಪೈನ್ ಮರದಲ್ಲಿ ಕಡೆದು, ಫ್ರೆಂಚ್ ಪಾಲಿಶ್ ಹೊಡೆದು, ಹಿಂದುಗಡೆ ಎರಡು ಕೆಂಪು ಪಟ್ಟಿ ಹಾಕಿ ಕೊಟ್ಟಿದ್ದರು. ಅಷ್ಟು ಚೆಂದದ ಕಡ್ಡಿ. ಗರಿ ಮಾತ್ರ ಬಾಕಿ.

ಮಾತು ಸ್ಪಷ್ಟವಾಗೇ ಆಗಿತ್ತು, ಮೆಸೇಜು ಇನ್ನೂ ಇದೆ. ಟರ್ಕಿ ಕೋಳಿಯ ರೆಕ್ಕೆಗರಿ, ಬಾಣಕ್ಕೆ ಮೂರು, ಅಂಟು ಹಾಕಿ ಕೂರಿಸೋದು, ಮುಂದಿನ ತುದಿಗೆ ದಾರ ಸುತ್ತೋದು. "ಆಯ್ತಣ್ಣ, ಬೇಲೂರು ಹಳೇಬೀಡಿನ ಶಿಲ್ಪದಲ್ಲಿ ಇರೋ ಥರಾನೇ ಮಾಡ್ಕೊಡ್ತೀನಿ, ಹೊಯ್ಸಳರ ಪದ್ಧತಿ" ಅಂತ ಬೇರೆ ಹೇಳಿದ. ಬೇಲೂರಿನ ಬೇಟೆಗಾರ್ತಿ ಶಿಲಾಬಾಲಿಕೆಯನ್ನ ನೋಡಿದವರು ಯಾರಾದರೂ ಹೇಳಿ, 1117ರಲ್ಲಿ ವಿಷ್ಣುವರ್ಧನ ಆ ಗುಡಿ ಕಟ್ಟಿಸಿದಾಗ ಎದುರಿಗೆ ಸ್ಪಂಜಿನ ಟೇಪು ಮಾರೋ ಅಂಗಡಿ ಇತ್ತಾ? ಇನ್ನೊಂದು ಮಾತೂ ಹೇಳಿದ್ದ: "ಜಾಸ್ತಿ ಕೊಟ್ರೆ ಹದ್ದಿನ ಗರಿ ತರಿಸ್ತೀನಿ, ಒಳಗಿಂದ ಬರುತ್ತೆ." ಅದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಕೇಸಾಗುವ ವ್ಯವಹಾರ. ಬೇಡ ಮಾರಾಯ, ಕೋಳೀದೇ ಸಾಕು ಅಂದೆ.

ಕೆಲಸ ಮುಗೀತು ಅಂತ ಫೋಟೊ ಕಳಿಸಿದ. ಫೋಟೊದಲ್ಲಿ ಏನು ಚೆಂದ ಅಂತೀರಿ! ಗುಲಾಬಿ ಒಂದು, ಹಳದಿ ಎರಡು, ಸಾಲಾಗಿ ಜೋಡಿಸಿಟ್ಟು ಮೇಲಿಂದ ತೆಗೆದಿದ್ದ. ಮೇಲಿಂದ ತೆಗೆದರೆ ಗರಿಯ ಬುಡ ಕಾಣಲ್ಲ. ಅದಕ್ಕೇ ಮೇಲಿಂದ ತೆಗೆದಿದ್ದು! ದಾರ ಎಲ್ಲಪ್ಪಾ ಅಂದರೆ "ದಾರ ಬೇಕಾಗಿಲ್ಲಣ್ಣ, ಇದು ಇಂಪೋರ್ಟೆಡ್ ಅಂಟು, ಕಿತ್ರೂ ಬರಲ್ಲ" ಅಂದ. ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ, ಬಾಕಿ ದುಡ್ಡೂ ಹಾಕಿದೆ.

ಜುಲೈ ತಿಂಗಳು. ಮಳೆ ಒಂಚೂರು ಬಿಟ್ಟಿತ್ತು. ಬೆಂಗಳೂರಿಂದ ಭಾವ ಬಂದಿದ್ದರು, ಅಕ್ಕನ ಮಗನೂ ಇದ್ದ. ಹೊಸ ಗರಿ ಹಾಕಿಸಿದ್ದೀನಿ ಬನ್ನಿ ತೋರಿಸ್ತೀನಿ ಅಂತ ಇಬ್ಬರನ್ನೂ ಕಣಕ್ಕೆ ಕರೆದುಕೊಂಡು ಹೋದೆ. ಮೊದಲ ಬಾಣ ಬಿಟ್ಟೆ. ಬಾಣ ಹೋಗಿ ಕಾಫಿ ಗಿಡದೊಳಗೆ ಬಿತ್ತು, ಗುಲಾಬಿ ಗರಿ ನನ್ನ ಕಾಲ ಬುಡದಲ್ಲಿ ಬಿತ್ತು. ಏನೋ ಒಂದು ಹೀಗಾಗಿರಬೇಕು ಅಂತ ಇನ್ನೊಂದು ತಗೊಂಡೆ. ಬಿಟ್ಟ ತಕ್ಷಣ ಕೈಗೆ ಏನೋ ಕಚ್ಚಿದ ಹಾಗಾಯ್ತು. ನೋಡಿದರೆ ಬೆರಳ ಗಿಣ್ಣಿನಿಂದ ಹೆಬ್ಬೆರಳ ಬುಡದವರೆಗೆ ಗೀರಿ ರಕ್ತ. ಗರಿಯ ಮುಂದಿನ ತುದಿ, ಅಂದರೆ ಆ ಗಟ್ಟಿ ದಂಟು ಸ್ಪಂಜಿನಿಂದ ಮೇಲೆದ್ದು ನಿಂತಿತ್ತು, ಬಾಣದ ವೇಗಕ್ಕೆ ಚರ್ಮ ಸೀಳಿಕೊಂಡು ಹೋಗಿದೆ. ಆ ತುದಿಗೆ ದಾರ ಸುತ್ತೋದು ಅಲಂಕಾರಕ್ಕಲ್ಲ ಸ್ವಾಮಿ, ಇದಕ್ಕೇ! ಕಡೇಪಕ್ಷ ಒಂದು ಹನಿ ಅಂಟಾದರೂ ಬಿಟ್ಟು ಆ ತುದಿಯನ್ನ ಇಳಿಜಾರು ಮಾಡಿ ಮುಚ್ಚಬೇಕು. ಅದೂ ಇಲ್ಲ.

ಮೇಲಿಂದ ಆ ಗುಲಾಬಿ ಬಣ್ಣ ಬೆವರಿಗೇ ಬಿಟ್ಟು ಅಂಗೈಯೆಲ್ಲ ಕೆಂಪು. ಯಾವುದು ರಕ್ತ ಯಾವುದು ಬಣ್ಣ ಗೊತ್ತಾಗದೆ ಅಕ್ಕ ಅಳೋಕೇ ಶುರು ಮಾಡಿದಳು. ಭಾವ ನಗ್ತಾ, "ಏನಪ್ಪಾ, ಬಾಣ ಬಿಡ್ತಿದ್ದೀಯೋ, ಕೋಳಿ ಪುಕ್ಕ ಕೀಳ್ತಿದ್ದೀಯೋ" ಅಂದರು. ಆ ಮಾತು ಕೈಗಿಂತ ಹೆಚ್ಚು ಉರೀತು.

ಫೋನ್ ಮಾಡಿದೆ. ಅವನ ಉತ್ತರಗಳನ್ನ ಹಾಗೇ ಹಾಕ್ತಿದ್ದೀನಿ, ಒಂದಕ್ಷರ ಸೇರಿಸಿಲ್ಲ.

"ಅಣ್ಣಾ ನೀವು ಬಿಡೋ ರೀತಿ ಸರಿ ಇಲ್ಲ ಅನ್ಸುತ್ತೆ."

ಸರಿಯಪ್ಪ, ಬಿಡೋ ರೀತಿ ಸರಿ ಇಲ್ಲ. ಹಾಗಾದರೆ ಬತ್ತಳಿಕೆಯಲ್ಲೇ ಎರಡು ಬಾಣದ ಗರಿ ಉದುರಿದೆಯಲ್ಲ, ಅದನ್ನ ಯಾರು ಬಿಟ್ಟರು?

"ಮಳೇಲಿ ಇಟ್ರೆ ನಾನೇನ್ಮಾಡ್ಲಿ ಅಣ್ಣ, ಸಕಲೇಶಪುರದ ಮಳೆ."

ಬಿಲ್ಲು ಬಾಣ ಮಾರೋದು ಮಲೆನಾಡಲ್ಲಿ, ಅಂಟು ಮಾತ್ರ ರಾಜಸ್ಥಾನಕ್ಕೆ ತಕ್ಕದ್ದು!

ಇಂಪೋರ್ಟೆಡ್ ಅಂಟು ಅಂದಿದ್ದೆ, ಇದು ಟೇಪಲ್ವಾ ಅಂತ ಕೇಳಿದರೆ "ಟೇಪಲ್ಲೂ ಅಂಟು ಇರುತ್ತಲ್ಲಣ್ಣ." ಕೊನೆಗೆ ಬಂತು ನೋಡಿ, ಇದನ್ನ ನಾನು ಸಾಯೋವರೆಗೂ ಮರೆಯಲ್ಲ:

"ಗರಿ ಅಂದ್ಮೇಲೆ ಉದುರುತ್ತೆ ಅಣ್ಣ. ಹಕ್ಕಿಗೇ ಉದುರುತ್ತೆ, ಬಾಣಕ್ಕೆ ಉದುರಲ್ವಾ?"

ನಾನು ಒಂದು ನಿಮಿಷ ಸುಮ್ಮನಾಗಿಬಿಟ್ಟೆ. ಏನಂತ ಹೇಳ್ತೀರಿ ಇದಕ್ಕೆ? ಹಕ್ಕಿಗೇ ಉದುರುತ್ತಂತೆ! ಹಕ್ಕಿ ಅವನಿಗೆ 1,440 ಕೊಟ್ಟಿತ್ತಾ?

ಜೋರು ಮಾಡಿದ ಮೇಲೆ ವಾಪಸ್ ಕಳಿಸಿ, ಸರಿ ಮಾಡ್ತೀನಿ ಅಂದ. ಸರಿ ಮಾಡಿದ ಚೆಂದ ಕೇಳಿ. ಟೇಪು ಕಿತ್ತು, ಅದರ ಅಂಟುಜಿಡ್ಡು ತೆಗೆಯೋಕೆ ಸ್ಪಿರಿಟ್ ಹಾಕಿ ಉಜ್ಜಿದ್ದಾನೆ. ಫ್ರೆಂಚ್ ಪಾಲಿಶ್ ಅಂದರೆ ಅರಗು, ಸ್ಪಿರಿಟ್ಟಿನಲ್ಲೇ ಕರಗಿಸಿ ಹಚ್ಚೋದು. ಸ್ಪಿರಿಟ್ ಬಿದ್ದರೆ ಮತ್ತೆ ಕರಗುತ್ತೆ, ಅಷ್ಟೂ ಗೊತ್ತಿಲ್ಲ. ಆ ಅಂಟಂಟು ಕಡ್ಡಿಯ ಮೇಲೆ, ಇನ್ನೂ ಉಳಿದಿದ್ದ ಟೇಪಿನ ಜಿಡ್ಡಿನ ಮೇಲೆ, ಫೆವಿಕ್ವಿಕ್ ಸುರಿದಿದ್ದಾನೆ. ಫೆವಿಕ್ವಿಕ್ ತಪ್ಪಲ್ಲ, ಆ ಥರದ ಅಂಟಿನಲ್ಲಿ ಗರಿ ಹಾಕೋರು ಬೇಕಾದಷ್ಟಿದ್ದಾರೆ. ಆದರೆ ಒಂದು ಗೆರೆ ಎಳೆದ ಹಾಗೆ ತೆಳುವಾಗಿ ಬಿಡಬೇಕು, ಸುರಿಯೋದಲ್ಲ. ಥಂಡಿಗೆ ಅಂಟಿನ ಸುತ್ತ ಬಿಳೀ ಬೂದಿ ಹಿಡಿದು, ಕೆಂಪು ಪಟ್ಟಿಯ ಮೇಲೆಲ್ಲ ಸುಣ್ಣ ಎರಚಿದ ಹಾಗೆ ಕಾಣ್ತಿತ್ತು.

ಹಾಸನದಲ್ಲಿ ಮಕ್ಕಳಿಗೆ ಬಿಲ್ಲುಗಾರಿಕೆ ಹೇಳಿಕೊಡುವ ಒಬ್ಬರಿಗೆ ತೋರಿಸಿದೆ. ಅವರು ಬಾಣವನ್ನ ಹಿಂದಿನಿಂದ, ಅಂದರೆ ಹೆದೆ ಕೂರುವ ಸೀಳಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರು, ನಕ್ಕರು. "ಇದರಲ್ಲಿ ಎಡ ರೆಕ್ಕೇದೂ ಇದೆ, ಬಲ ರೆಕ್ಕೇದೂ ಇದೆಯಲ್ರೀ." ಎಡ ರೆಕ್ಕೆಯ ಗರಿ ಒಂದು ಕಡೆ ವಾಲುತ್ತೆ, ಬಲದ್ದು ಇನ್ನೊಂದು ಕಡೆ. ಒಂದು ಬಾಣಕ್ಕೆ ಮೂರೂ ಒಂದೇ ಕಡೆಯ ರೆಕ್ಕೇದು ಹಾಕಬೇಕು, ಆಗಲೇ ಬಾಣ ಒಂದೇ ದಿಕ್ಕಿಗೆ ತಿರುಗಿಕೊಂಡು ನೆಟ್ಟಗೆ ಹೋಗೋದು. ಮೂರು ಗರಿ ಒಂದಕ್ಕೊಂದು 120 ಡಿಗ್ರಿ ದೂರದಲ್ಲಿರಬೇಕು, ಅದಕ್ಕೇ ಜಿಗ್ ಅಂತ ಒಂದು ಸಾಧನ ಇದೆ. ನಮ್ಮ ಮಹಾಶಯ ಕಣ್ಣಳತೆಯಲ್ಲಿ ಹಾಕಿದ್ದಾನೆ. ಬೇರೆ ಬಣ್ಣದ ಗರಿ ಸೀಳಿಗೆ ಅಡ್ಡಲಾಗಿ, ಬಿಲ್ಲಿನಿಂದ ಆಚೆಗೆ ನಿಲ್ಲಬೇಕು. ನನ್ನ ಗುಲಾಬಿ ಗರಿ ಬಾಣಕ್ಕೊಂದು ದಿಕ್ಕಿಗೆ ನೋಡ್ತಿತ್ತು. ಟರ್ಕಿ ಕೋಳೀದಾ ಇದು ಅಂತ ಕೇಳಿದೆ. ಅವರು ಉಗುರಿನಲ್ಲಿ ಒಮ್ಮೆ ಎಳೆದು, "ಇಷ್ಟು ಮೆತ್ತಗಾ? ಊರುಕೋಳಿ ಇರಬೇಕು, ಬಣ್ಣ ಹಾಕಿದ್ದಾರೆ" ಅಂದರು.

ಅವರೇ ಹೇಳಿದ್ದು, ಟೇಪಿನಲ್ಲಿ ಗರಿ ಹಾಕೋದು ಸುಳ್ಳೇನಲ್ಲ. ಅದಕ್ಕೇ ಅಂತ ಕಾಗದದಷ್ಟು ತೆಳ್ಳಗಿನ ಟೇಪು ಬರುತ್ತೆ. ಕಡ್ಡಿಗೆ ಜಿಡ್ಡಿಲ್ಲದ ಹಾಗೆ ಒರೆಸಿ, ಒತ್ತಿ ಕೂರಿಸಿ, ಎರಡೂ ತುದಿಗೆ ಹನಿ ಅಂಟು ಬಿಟ್ಟರೆ ಚೆನ್ನಾಗೇ ನಿಲ್ಲುತ್ತೆ. ಮಳೆನಾಡಿಗೆ ಅಂಟೂ ದಾರವೂ ಎರಡೂ ಇದ್ದರೆ ಧೈರ್ಯ. ಇಂಗ್ಲೆಂಡಿನ ಮೇರಿ ರೋಸ್ ಅನ್ನೋ ಹಡಗು 1545ರಲ್ಲಿ ಮುಳುಗಿದ್ದು, 1982ರಲ್ಲಿ ಮೇಲೆತ್ತಿದರು. ಅದರೊಳಗಿನ ಬಾಣಗಳ ಗರಿ ಕೊಳೆತು ಹೋಗಿದ್ದರೂ ಅಂಟಿನ ಮೇಲೆ ದಾರ ಸುತ್ತಿದ ಗುರುತು ಹಾಗೇ ಉಳಿದಿತ್ತಂತೆ. ಸಮುದ್ರದ ತಳದಲ್ಲಿ ನಾನೂರು ವರ್ಷ! ನನ್ನದು ಕಣದಿಂದ ಪಿಂಡಿಯವರೆಗೂ ತಡೀಲಿಲ್ಲ.

ದುಡ್ಡು ವಾಪಸ್ ಕೊಡು ಅಂದರೆ ಈಗ ಉತ್ತರವೇ ಇಲ್ಲ. ಎರಡು ನೀಲಿ ಗೆರೆ ಬೀಳುತ್ತೆ, ಅಷ್ಟೇ. ಆಚಾರ್ರ ಹತ್ತಿರ ಹೋಗಿ ಆ ಕಡ್ಡಿಗಳನ್ನ ತೋರಿಸೋಕೆ ಮುಖ ಇಲ್ಲ ನನಗೆ.

ಯಾರಿಗಾದರೂ ಗರಿ ಹಾಕೋಕೆ ಕೊಡೋದಿದ್ದರೆ ಮೊದಲು ಒಂದೇ ಒಂದು ಬಾಣ ಕೊಟ್ಟು ನೋಡಿ, ಡಜನ್ ಕೊಡಬೇಡಿ. ಗರಿಯ ಬುಡ ಕಾಣುವ ಹಾಗೆ ಪಕ್ಕದಿಂದ ಫೋಟೊ ಕೇಳಿ, ಹಿಂದಿನಿಂದಲೂ ಒಂದು ಕೇಳಿ. ಮೂರೂ ಗರಿ ಒಂದೇ ಕಡೆ ವಾಲಿಲ್ಲ ಅಂದರೆ ತಗೋಬೇಡಿ. ಕೈಗೆ ಬಂದ ಮೇಲೆ ಗರಿಯ ಮುಂದಿನ ತುದಿ ಮೇಲೆ ಬೆರಳಾಡಿಸಿ, ಒಂಚೂರು ಚುಚ್ಚಿದರೂ ಬಿಲ್ಲಿಗೆ ಹೂಡಬೇಡಿ. ಹೋಮ್‌ಸ್ಟೇಯವರಿಗೆ ಕೈ ಮುಗಿದು ಹೇಳ್ತೀನಿ, ನಿಮ್ಮಲ್ಲಿ ಬರೋರು ಮಕ್ಕಳ ಕೈಗೆ ಬಿಲ್ಲು ಕೊಡ್ತಾರೆ. ಇಂಥವನ ಹತ್ತಿರ "ಇಂಪೋರ್ಟೆಡ್ ಅಂಟು" ಮಾತ್ರ ತಗೋಬೇಡಿ.

ನಿನ್ನೆ ಅವನ ಸ್ಟೇಟಸ್ ನೋಡಿದೆ. "ದಸರಾ ಆಫರ್, ಹೊಯ್ಸಳ ಶೈಲಿಯ ಬಾಣಗಳು, ಅಡ್ವಾನ್ಸ್ ಕಡ್ಡಾಯ" ಅಂತ ಹಾಕಿಕೊಂಡಿದ್ದಾನೆ. ಕೆಳಗೆ ಫೋಟೊ: ಗುಲಾಬಿ ಒಂದು, ಹಳದಿ ಎರಡು, ಹಿಂದೆ ಎರಡು ಕೆಂಪು ಪಟ್ಟಿ. ಅವು ನನ್ನ ಬಾಣಗಳು! ಆ ಫೋಟೊ ನಿಮಗೆ ಯಾರಾದರೂ ಫಾರ್ವರ್ಡ್ ಮಾಡಿದರೆ, ಆ ನಂಬರಿಗೆ ಒಂದು ರೂಪಾಯಿಯೂ ಹಾಕಬೇಡಿ.