ರೈಡರ್ ವೇಟ್ ಟ್ಯಾರೋ ಪ್ಯಾಕ್ ರಿವ್ಯೂ: ಅರ್ಥ ಪ್ರಿಂಟ್ ಆಗಿರೋದನ್ನ ಮಾತ್ರ ತಗೋಬೇಡಿ

ಒಂದೂವರೆ ವರ್ಷದಲ್ಲಿ ನಾನು ಎರಡು ಟ್ಯಾರೋ ಪ್ಯಾಕ್, ಅಂದ್ರೆ ಭವಿಷ್ಯ ಹೇಳೋಕೆ ಬಳಸೋ ಚಿತ್ರದ ಕಾರ್ಡಿನ ಕಟ್ಟು, ತಗೊಂಡಿದೀನಿ. ಮೊದಲನೇದು 349 ರೂಪಾಯಿ, ಎರಡನೇದು ಸಾವಿರದ ಇನ್ನೂರು ಚಿಲ್ಲರೆ. ಎರಡರಲ್ಲೂ ಚಿತ್ರ ಒಂದೇ, 1909ರಲ್ಲಿ ಲಂಡನ್ನಿನ ರೈಡರ್ ಕಂಪನಿಯವ್ರು ತಂದ ಅದೇ 78 ಕಾರ್ಡು. ಹಂಗಿದ್ಮೇಲೆ ದುಡ್ಡು ಜಾಸ್ತಿ ಯಾಕೆ ಕೊಡ್ಬೇಕು ಅಂತ ನಂಗೂ ಅನ್ಸಿತ್ತು, ಅದಕ್ಕೇ ಮೊದ್ಲು ಅಗ್ಗದ್ದು ತರ್ಸಿದ್ದು.

ಅಗ್ಗದ್ದರ ಕಥೆ ಬೇಗ ಮುಗಿಸ್ತೀನಿ. ಡಬ್ಬ ಬಿಚ್ಚಿದ್ರೆ ಪ್ಲಾಸ್ಟಿಕ್ ವಾಸನೆ, ಕಾರ್ಡುಗಳು ಒಂದಕ್ಕೊಂದು ಅಂಟ್ಕೊಂಡು ಹಪ್ಪಳ ಬಿಡಿಸ್ದಂಗೆ ಬಿಡಿಸ್ಬೇಕು, ಹಳದಿ ಇರ್ಬೇಕಾದ ಕಡೆ ಕಿತ್ತಳೆ ಬಣ್ಣ, ಪುಸ್ತಕ ಇಲ್ಲ, ಬದ್ಲಿಗೆ ಒಂದು ಕ್ಯೂಆರ್ ಕೋಡು, ಅದೂ ಓಪನ್ ಆಗ್ಲಿಲ್ಲ. ಇಷ್ಟೆಲ್ಲಾ ಆದ್ರೂ ಇಟ್ಕೊಂಡಿದ್ದು ಯಾಕಂದ್ರೆ ಪ್ರತಿ ಕಾರ್ಡಿನ ಕೆಳಗೆ ಅದರ ಅರ್ಥ ನಾಲ್ಕೈದು ಇಂಗ್ಲಿಷ್ ಪದದಲ್ಲಿ ಅಚ್ಚಾಗಿತ್ತು, ನೇರ ಬಂದ್ರೆ ಇದು, ತಲೆಕೆಳಗಾದ್ರೆ ಅದು ಅಂತ. ಆಹಾ ಬಾಯಿಪಾಠ ಮಾಡೋ ಕಷ್ಟ ತಪ್ತು ಅಂದ್ಕೊಂಡೆ. ಈಗ ಕೇಳಿದ್ರೆ ಆ ಪ್ಯಾಕಿನ ದೊಡ್ಡ ತಪ್ಪೇ ಅದು ಅಂತೀನಿ.

ಬೆಳಿಗ್ಗೆ ಕಾಫಿ ಜೊತೆ ಒಂದು ಕಾರ್ಡ್ ತೆಗೆಯೋ ಅಭ್ಯಾಸ ನಂದು. ಭವಿಷ್ಯ ನೋಡಕ್ಕಲ್ಲ, ಐದು ನಿಮಿಷ ಫೋನ್ ಮುಟ್ಟದೆ ಕೂತ್ಕೊಳ್ಳೋಕೆ ಒಂದು ನೆಪ ಅಷ್ಟೆ. ಆದ್ರೆ ಪದ ಅಚ್ಚಾಗಿದ್ರೆ ಕಣ್ಣು ಮೊದ್ಲು ಅಲ್ಲಿಗೇ ಹೋಗುತ್ತೆ, ಚಿತ್ರ ಯಾರು ನೋಡ್ತಾರೆ. ಅಪ್ರೈಸಲ್ ಟೈಮಲ್ಲಿ ನಮ್ಮ ಮ್ಯಾನೇಜರ್ ಜೊತೆ ಜಗಳ ಆಗಿ ರಾಜೀನಾಮೆ ಮೇಲ್ ಡ್ರಾಫ್ಟಲ್ಲಿ ಕೂತಿತ್ತು, ಆ ವಾರದಲ್ಲೇ ಏಟ್ ಆಫ್ ಕಪ್ಸ್, ಅಂದ್ರೆ ಎಂಟು ಬಟ್ಟಲಿನ ಕಾರ್ಡು, ಎರಡು ಸಲ ಬಂತು, ಕೆಳಗೆ ನೋಡಿದ್ರೆ ಬಿಟ್ಟು ಹೋಗು ಅನ್ನೋ ಅರ್ಥದ ಪದಗಳೇ ಸಾಲಾಗಿ, ನಾನು ಸೆಂಡ್ ಒತ್ತೋದೊಂದೇ ಬಾಕಿ. ನಮ್ಮ ಟೀಮಿನ ಹುಡುಗಿಯೊಬ್ಳು, ಅವಳೂ ಕಾರ್ಡ್ ಇಟ್ಕೊಂಡಿದಾಳೆ, ಪದದ ಮೇಲೆ ಹೆಬ್ಬೆಟ್ಟು ಇಟ್ಟು ಮುಚ್ಕೊಂಡು ನೋಡೇ ಒಂದ್ಸಲ ಅಂದ್ಳು. ಮುಚ್ಚಿ ನೋಡಿದೆ, ಏನೂ ಹೊಳೀಲಿಲ್ಲ, ಅಷ್ಟೊತ್ತಿಗೆ ಆ ಪದಗಳು ತಲೇಲಿ ಕೂತಾಗಿತ್ತು. ಆಮೇಲೆ ಸರಿಯಾದ ಪ್ಯಾಕ್ ತಗೊಂಡೆ.

ಈ ಪ್ಯಾಕಿನ ಕಾರ್ಡ್ ದೊಡ್ಡದು, ಸುಮಾರು ಏಳು ಸೆಂಟಿಮೀಟರ್ ಅಗಲ, ಹನ್ನೆರಡು ಉದ್ದ. ನಂದು ಚಿಕ್ಕ ಕೈ, ಇಸ್ಪೀಟ್ ಕಲಸೋ ಹಂಗೆ ಕಲಸೋಕೆ ಹೋದ್ರೆ ಅರ್ಧ ಮಂಚದ ಕೆಳಗೆ ಹೋಗ್ತವೆ, ಅದಕ್ಕೆ ಬೆಡ್‌ಶೀಟ್ ಮೇಲೆ ಎಲ್ಲಾ ಹರಡಿ ಎರಡೂ ಕೈಲಿ ಸುತ್ತಾಡಿಸಿ ಒಟ್ಟು ಮಾಡ್ತೀನಿ. ರಟ್ಟು ಚೆನ್ನಾಗಿದೆ, ದಿನಾ ಮುಟ್ಟಿದ್ರೂ ಅಂಚು ಎದ್ದಿಲ್ಲ. ಡಬ್ಬ ಮಾತ್ರ ದಂಡ, ಮೂರನೇ ವಾರಕ್ಕೇ ಮುಚ್ಚಳ ಹರೀತು, ಒಳಗಿನ ಪುಟಾಣಿ ಪುಸ್ತಕದ ಅಕ್ಷರ ಓದೋಕೆ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಬೇಕು. ಮುಖ್ಯವಾದ ವಿಷ್ಯ ಏನಂದ್ರೆ ಎರಡರಿಂದ ಹತ್ತರವರೆಗಿನ ಅಂಕಿ ಕಾರ್ಡುಗಳ ಮೇಲೆ ಹೆಸ್ರು ಕೂಡ ಇಲ್ಲ, ತಲೆ ಮೇಲೆ ರೋಮನ್ ಅಂಕಿ ಒಂದೇ, ಮಿಕ್ಕಿದ್ದೆಲ್ಲ ಚಿತ್ರ.

ಈ ಚಿತ್ರ ಬರೆದೋರು ಪಮೇಲಾ ಕೋಲ್ಮನ್ ಸ್ಮಿತ್. ಹೇಗಿರ್ಬೇಕು ಅಂತ ಹೇಳ್ದೋರು ಗೂಢವಿದ್ಯೆ ಬಗ್ಗೆ ಪುಸ್ತಕ ಬರೀತಿದ್ದ ಎ. ಇ. ವೇಟ್, ಅಚ್ಚು ಹಾಕಿದ್ದು ರೈಡರ್, ಹಂಗಾಗಿ ಎಷ್ಟೋ ವರ್ಷ ಹೆಸರಲ್ಲಿ ಇದ್ದಿದ್ದು ಆ ಎರಡೇ, ಬರೆದವಳ ಹೆಸ್ರು ಈಚೆಗೆ ಸೇರ್ಸಿ ರೈಡರ್-ವೇಟ್-ಸ್ಮಿತ್ ಅಂತಾರೆ. ತುಂಬಾ ಕೆಲಸ, ಸಿಕ್ಕಿದ್ದು ಚೂರೇ ಚೂರು ಕಾಸು ಅಂತ ಆಕೆ ಅದೇ 1909ರಲ್ಲಿ ಪರಿಚಯದವರಿಗೆ ಕಾಗದ ಬರೆದಿದ್ರಂತೆ, ನಮ್ಮ ಅಪ್ರೈಸಲ್ ನೆನಪಾಯ್ತು. ಕಾರ್ಡಿನ ಮೂಲೇಲಿ ಹಾವಿನ ಥರ ಹೆಣೆದಿರೋ ಪುಟ್ಟ ಸಹಿ ಇದೆ ನೋಡಿ, ಅದು ಆಕೇದು. ಈ ಪ್ಯಾಕಿಗಿಂತ ಮುಂಚಿನ ಬಹುತೇಕ ಪ್ಯಾಕುಗಳಲ್ಲಿ ಎಂಟು ಕಪ್ಸ್ ಅಂದ್ರೆ ಎಂಟು ಬಟ್ಟಲು ಸಾಲಾಗಿ, ನಮ್ಮ ಆಟೀನ್ ಎಂಟು ಇದ್ದಂಗೆ. ಈಕೆ ಅದರಲ್ಲಿ ಮನುಷ್ಯರನ್ನ ತಂದು ನಿಲ್ಸಿದ್ರು, ಅದಕ್ಕೇ ನೋಡಿದವರಿಗೆಲ್ಲ ಒಂದೊಂದು ಕಥೆ ಕಾಣೋದು.

ಅಮ್ಮ ಬಂದಿದ್ರು ಅರಸೀಕೆರೆಯಿಂದ. ಅವತ್ತು ಬೆಳಿಗ್ಗೆ ಮತ್ತೆ ಅದೇ ಏಟ್ ಆಫ್ ಕಪ್ಸ್ ಬಂತು. ಚಿತ್ರ ಗೊತ್ತಿಲ್ಲದೋರಿಗೆ ಹೇಳ್ತೀನಿ: ಮುಂದುಗಡೆ ಎಂಟು ಬಟ್ಟಲು ಜೋಡ್ಸಿದಾರೆ, ಕೆಳಗೆ ಐದು ಮೇಲೆ ಮೂರು, ಹಿಂದೆ ನೀರು, ಬಂಡೆ, ಕೆಂಪು ನಿಲುವಂಗಿ ಹಾಕ್ಕೊಂಡಿರೋನು ಕೋಲು ಊರ್ಕೊಂಡು ನಮ್ಗೆ ಬೆನ್ನು ತೋರ್ಸಿ ಹೋಗ್ತಿದಾನೆ, ಮೇಲೆ ಮುಖ ಇರೋ ಚಂದ್ರ.

ಅಮ್ಮ ಹುರುಳೀಕಾಯಿ ಮುರೀತಾ ಕೂತಿದ್ದೋರು ಬಗ್ಗಿ ನೋಡಿದ್ರು. "ಇಸ್ಪೀಟಾ?" ಅಂದ್ರು. ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಆಡಿಸ್ತಿದ್ದ ಗಂಜೀಫಾ ಥರ ಇದೂ ಇಟಲೀಲಿ ಆಡೋ ಎಲೆನೇ ಆಗಿತ್ತು, ಶಾಸ್ತ್ರ ಹೇಳೋಕೆ ಹಿಡಿದಿದ್ದು ಎಷ್ಟೋ ಕಾಲ ಆದ್ಮೇಲೆ ಅಂತ ನಾನು ಶುರು ಮಾಡ್ದೆ, ಅವರು ಕೇಳಿಸ್ಕೊಳ್ಳಲೇ ಇಲ್ಲ. ಕಾರ್ಡ್ ಕೈಗೆ ತಗೊಂಡು ಕಿಟಕಿ ಬೆಳಕಿಗೆ ಹಿಡಿದ್ರು.

"ನಲ್ಲೀಲಿ ನೀರು ಬಂದಿಲ್ಲ. ಕೊಡ ಸಾಲಿಗಿಟ್ಟು ಹೊಂಟವ್ನೆ."

ಆಮೇಲೆ ಮೇಲಿನ ಸಾಲಿನ ಮೇಲೆ ಬೆರಳಿಟ್ರು, "ಇಲ್ಲಿ ಒಂದ್ ಕೊಡ ಯಾರೋ ಎತ್ತವ್ರೆ ನೋಡು." ನಿಜ, ಮೇಲಿನ ಮೂರರ ಮಧ್ಯೆ ಒಂದು ಬಟ್ಟಲಿನಷ್ಟು ಜಾಗ ಖಾಲಿ ಇದೆ. ಒಂದೂವರೆ ವರ್ಷದಿಂದ ಆ ಕಾರ್ಡ್ ನೋಡ್ತಿದೀನಿ, ನನ್ ಕಣ್ಣಿಗೆ ಬಿದ್ದಿರ್ಲಿಲ್ಲ! ತೊಂಬೆ ಮುಂದೆ ನಿಂತು ಕೊಡ ಕಾದೋರಿಗೆ ಸಾಲು ತಪ್ಪಿದ್ದು ಮೊದ್ಲು ಕಾಣುತ್ತೆ ಅನ್ಸುತ್ತೆ.

ಚಂದ್ರನ್ನ ನೋಡಿ ಮಾತ್ರ ಅಮ್ಮನ ಮುಖ ಗಂಟಾಯ್ತು. ಅಲ್ಲಿ ದುಂಡು ಚಂದ್ರ, ಅದ್ರ ಮೇಲೇ ಕೊಂಡಿ ಚಂದ್ರ, ಎರಡೂ ಒಟ್ಟಿಗಿದೆ. "ಗ್ರಾಣ ಹಿಡಿದೈತೆ ಕಣೇ. ಗ್ರಾಣದಲ್ಲಿ ಯಾರಾನ ಮನೆ ಬಿಟ್ ಹೊರಡ್ತಾರಾ? ನೀರಿಗೆ ಗರಿಕೆ ಹಾಕ್ಬುಟ್ಟು ಒಳಗೆ ಕೂತ್ಕೋಬೇಕು. ಬುತ್ತಿನೂ ಕಟ್ಕೊಂಡಿಲ್ಲ ಮುಂಡೇದು."

ಬುತ್ತಿ ವಿಷ್ಯ ಕೇಳಿ ನಾನು ಫೂಲ್ ಕಾರ್ಡ್ ತೆಗೆದು ಪಕ್ಕಕ್ಕಿಟ್ಟೆ. ಹೌದು ಮಾರಾಯ್ರೆ, ಪ್ರಪಾತದ ಅಂಚಲ್ಲಿ ಮೇಲೆ ನೋಡ್ಕೊಂಡು ನಡೆಯೋ ಆ ಪೆದ್ದನ ಹೆಗಲ ಮೇಲೂ ಕೋಲಿಗೆ ಕಟ್ಟಿದ ಗಂಟಿದೆ, ಈ ಕೆಂಪು ಬಟ್ಟೆಯೋನ ಹತ್ರ ಬರೀ ಕೋಲು. ಸಿಟ್ಟಲ್ಲಿ ಎದ್ದು ಹೋಗೋರೆಲ್ಲ ಹಿಂಗೇ ಹೋಗೋದು. ನನ್ನ ಡ್ರಾಫ್ಟಲ್ಲಿದ್ದ ಮೇಲೂ ಹಂಗೇ ಇತ್ತು, ಕೈಲಿ ಇನ್ನೊಂದು ಆಫರ್ ಇಲ್ಲ, ಮೂರು ತಿಂಗಳ ಬಾಡಿಗೆಗೆ ಉಳಿತಾಯ ಇಲ್ಲ. ಕಾರ್ಡು ಇದನ್ನೆಲ್ಲ ಹೇಳ್ತು ಅಂತ ನಾನು ಹೇಳಲ್ಲ, ಗೊತ್ತಿದ್ದೂ ಗೊತ್ತಿಲ್ದಂಗೆ ನಾನೇ ಇದ್ದೆ. ಮೇಲ್ ಡಿಲೀಟ್ ಮಾಡ್ಲಿಲ್ಲ, ಕಳಿಸ್ಲೂ ಇಲ್ಲ. ಈಗ ಭಾನುವಾರ ಫೋನ್ ಮಾಡಿದಾಗೆಲ್ಲ ಅಮ್ಮ, "ಆ ಕೊಡದೋನು ಹೋದ್ನಾ?" ಅಂತಾರೆ, "ಬುತ್ತಿ ಕಟ್ತಾವ್ನೆ" ಅಂತೀನಿ.

ತಮಾಷೆ ಏನಂದ್ರೆ ವೇಟ್ ಕೂಡ ತನ್ನ ಪುಸ್ತಕದಲ್ಲಿ ಈ ಕಾರ್ಡಿಗೆ ಒಂದೇ ಅರ್ಥ ಕೊಟ್ಟಿಲ್ಲ. ನೋಡಿದ್ರೆ ಸುಖ ಬಿಟ್ಟು ಹೋಗ್ತಿರೋನು ಅಂತ ಗೊತ್ತಾಗುತ್ತೆ ಅಂದು, ಬೇರೆಯವರು ಇದಕ್ಕೆ ಪೂರ್ತಿ ಉಲ್ಟಾ ಸಂತೋಷ, ಸಂಕೋಚ, ಮರ್ಯಾದೆ ಅಂತೆಲ್ಲ ಹೇಳ್ತಾರೆ ಅಂತ ಪಕ್ಕದಲ್ಲೇ ಬರೆದಿದಾನೆ. ಆ 349ರ ಪ್ಯಾಕಿನೋರು ಅದ್ರಲ್ಲಿ ತಮಗೆ ಬೇಕಾದ್ದೊಂದು ಹೆಕ್ಕಿ ಅಚ್ಚು ಹಾಕಿದಾರೆ ಅಷ್ಟೆ.

ಎಲ್ಲಾ ಕಾರ್ಡೂ ಹಿಂಗೆ ಮಾತಾಡಲ್ಲ ಮತ್ತೆ. ಫೈವ್ ಆಫ್ ಪೆಂಟಕಲ್ಸಲ್ಲಿ, ಅಂದ್ರೆ ಐದು ನಾಣ್ಯದ ಕಾರ್ಡಲ್ಲಿ, ಹಿಮ ಬೀಳ್ತಿದೆ, ಚರ್ಚಿನ ಬಣ್ಣದ ಕಿಟಕಿ ಕೆಳಗೆ ಇಬ್ರು ಬಡವರು ಹೋಗ್ತಿದಾರೆ, ನನಗೆ ಹಿಮದ ಚಳಿನೇ ಗೊತ್ತಿಲ್ಲ, ಪುಸ್ತಕ ನೋಡ್ಲೇಬೇಕು. ಟೆನ್ ಆಫ್ ಪೆಂಟಕಲ್ಸ್ ಮಾತ್ರ ಪಕ್ಕಾ ನಮ್ಮ ತಾತನ ಜಗಲಿ: ಮುದುಕ ಕೂತಿದಾನೆ, ಕಾಲ ಹತ್ರ ನಾಯಿಗಳು, ಹಿಂದೆ ಮನೆ ಮಂದಿ ತಮ್ಮ ಪಾಡಿಗೆ ಮಾತಾಡ್ಕೊಂಡು, ಮುದುಕನ ಕಡೆ ಯಾರೂ ತಿರುಗಿ ನೋಡ್ತಿಲ್ಲ. ಅದು ಸಂಪತ್ತಿನ ಕಾರ್ಡಂತೆ. ಬಂದಾಗೆಲ್ಲ ನಾನು ಊರಿಗೊಂದು ಫೋನ್ ಹಾಕ್ತೀನಿ.

ಸ್ಟಾರ್ ಕೊಡೋದಾದ್ರೆ ನಾಲ್ಕು, ಒಂದು ಕಟ್ ಮಾಡಿದ್ದು ಡಬ್ಬಕ್ಕೆ. ಬಣ್ಣ ಕಣ್ಣಿಗೆ ಹೊಡೀತು ಅನ್ಸೋರು 2009ರ ನೂರನೇ ವರ್ಷದ ಎಡಿಷನ್ ನೋಡಿ, ಅದ್ರಲ್ಲಿ ಬಣ್ಣ ತಣ್ಣಗಿದೆ. ಆನ್‌ಲೈನಲ್ಲಿ ತಗೊಳ್ಳೋದಾದ್ರೆ ಫೋಟೋ ದೊಡ್ಡದು ಮಾಡಿ ಕಾರ್ಡಿನ ಕೆಳಗಿನ ಅಂಚು ನೋಡಿ, ಅಲ್ಲಿ ಪದಗಳ ಸಾಲು ಕಂಡ್ರೆ ಅದನ್ನ ಬಿಟ್ಟು ಬೇರೆದು ನೋಡಿ. ನಂದು ಹಳೇ ಪ್ಯಾಕ್ ಪಕ್ಕದ ಮನೆ ಹುಡುಗನಿಗೆ ಕೊಟ್ಟೆ, ಕಾರ್ಡುಗಳನ್ನ ಒಂದಕ್ಕೊಂದು ಆನಿಸಿ ಮನೆ ಕಟ್ತಾನೆ. ಅಂಟೋದ್ರಿಂದ ಚೆನ್ನಾಗಿ ನಿಲ್ಲುತ್ತಂತೆ.